ಮರಳಿನಿಂದ ನೇರ ನೀರಿಗೆ

ಬಂಡಳ್ಳಿ
೯-೬-೧೯೬೩

ಅಣ್ಣ ರುದ್ರಸ್ವಾಮಿಗೆ ತಂಗಿ ಪುಟ್ಟಬಸಮ್ಮನ ಶರಣು.

ನಾನೂ ಅವ್ವನೂ ಚೆನ್ನಾಗಿದ್ದೇವೆ. ಎಮ್ಮೆಗೆ ಮಾತ್ರ ಕಾಲುಬಾಯಿ ಜ್ವರ ಬಂದು ಹೋಯಿತು.

ನೀನು ನಮ್ಮ ಸ್ಕೂಲಿಗೆ ಕಳಿಸಿದ ಪೆಟ್ಟಿಗೆ ಹನೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಗಾಡಿಯಲ್ಲಿ ಬಂದು ಸೇರಿತು. ಶಂಖ, ನಕ್ಷತ್ರ ಮೀನು, ಕಡಲ ಕುದುರೆ ಎಲ್ಲ ಸರಿಯಾಗಿವೆ. ಹವಳದ ಒಂದು ಮೂಲೆ ಮುಕ್ಕಾಗಿದೆ. ಮಕ್ಕಳು ಎರಡು ದಿನ ನನಗೆ ಪಾಠ ಮಾಡಲು ಬಿಡಲಿಲ್ಲ. ಅವ್ವ ಪೆಟ್ಟಿಗೆಯನ್ನು ಮನೆಯೊಳಕ್ಕೆ ತರಲು ಒಪ್ಪಲಿಲ್ಲ. "ಮೀನಿನ್ ಆಪೀಸ್ನಿಂದ ಬಂದದ್ದ ಒಲೆ ತಾವ ಮಡಗ್ಬ್ಯಾಡ ಕಣವ್ವ" ಅಂದಳು. ನೀನು ಮದರಾಸು ಸರ್ಕಾರದ ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾಯಿತು, ನಮ್ಮೂರು ಮೈಸೂರಿಗೆ ಸೇರಿ ಏಳು ವರ್ಷವಾಗುತ್ತ ಬಂತು, ಅವಳು ಮಾತ್ರ ಇವತ್ತಿಗೂ ಊರವರಿಗೆ ನೀನು 'ಸಮುದ್ರದ ಆಫೀಸಿನಲ್ಲಿ' ಇದ್ದೀಯ ಎಂದೇ ಹೇಳುವುದು. ಲಿಂಗ ಕಟ್ಟಿದವರ ಮಗ ಮೀನನ್ನು ಸೀಸೆಗೆ ತುಂಬಿ ಕಾಲೇಜುಗಳಿಗೆ ಕಳಿಸುತ್ತಾನೆ ಅಂತ ಹೇಗೆ ಹೇಳಿಯಾಳು.

ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿದ್ದೆ: 'ಹವಳ ಬಿಳಿ ಆಗುವುದು ಸತ್ತ ಮೇಲೆ. ಜೀವವಿದ್ದಾಗ ಬಣ್ಣ ಬೇರೆ.' ಆ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ನಾನು ಅದನ್ನು ಜೀವವಿರುವಾಗ ನೋಡಬೇಕು ಅಣ್ಣ. ಚಿತ್ರದಲ್ಲಲ್ಲ, ದೋಣಿಯಿಂದ ಬಗ್ಗಿಯೂ ಅಲ್ಲ. ನೀರಿನಲ್ಲಿ ಮುಖವಿಟ್ಟು ನೋಡಬೇಕು.

ಮೂರನೇ ವರ್ಷದ ಜ್ವರದಲ್ಲಿ ಸೊರಗಿದ ಎಡಗಾಲು ಮೂವತ್ತೈದರಲ್ಲಿ ಸರಿಹೋಗುವುದಿಲ್ಲ, ಗೊತ್ತು. ಅದಕ್ಕೇ ವಿಚಾರಿಸುತ್ತಿದ್ದೇನೆ. ಬಂಡೆ ಹತ್ತಿ ಇಳಿಯುವ ಜಾಗ ನನಗಾಗದು. ಮರಳಿನ ಮೇಲೆ ಕುಳಿತು ಹಾಗೇ ನೀರಿಗೆ ಜಾರುವಂತಿರಬೇಕು, ಹವಳ ದಡಕ್ಕೆ ಹತ್ತಿರವಿರಬೇಕು, ಅಲೆ ಹೊಡೆಯಬಾರದು. ಒಂದೆರಡು ದಿನ ಅಲ್ಲೇ ತಂಗಲು ಸೂರಿದ್ದರೆ ಬೇಕೆಂದಾಗ ಇಳಿದು ಸಾಕೆಂದಾಗ ಏಳಬಹುದು. ಗಂಡಸರು ಗುಂಪುಗಟ್ಟಿ ನೋಡುವ ಜಾಗವಂತೂ ಬೇಡ. ನಿಮ್ಮ ಕಡೆ ಬೇಕಾದಷ್ಟು ದ್ವೀಪಗಳಿವೆ ಅನ್ನುತ್ತೀಯ. ಅವುಗಳಲ್ಲಿ ಯಾವುದು, ನೋಡಿ ಬರೆ.

ಅವ್ವನಿಗೆ ರಾಮೇಶ್ವರದ ಯಾತ್ರೆ ಎಂದು ಹೇಳುತ್ತೇನೆ. ನಿಜ ಹೇಳಿದರೆ ಆ ಬಾವಿಯ ಕಥೆ ಮೊದಲಿನಿಂದ ಶುರುವಾಗುತ್ತದೆ. "ನಿಮ್ಮಣ್ಣ ಉಳ್ಸಿದ್ ಜೀವ ಕಣೇ ನಿಂದು. ಅವ ಧುಮುಕ್ದೇ ಇದ್ದಿದ್ರೆ ನೀನೆಲ್ಲಿ? ನೀರ್ ತಾವ ಓಗ್ಬ್ಯಾಡ." ಇಪ್ಪತ್ತಾರು ವರ್ಷದಿಂದ ಕೇಳಿದ್ದೇನೆ. ನಿನಗೂ ಗೊತ್ತಲ್ಲ.

ಪುಟ್ಟಬಸಮ್ಮ


ಮಂಡಪಂ
೨-೭-೧೯೬೩

ಚಿ. ಪುಟ್ಟವ್ವನಿಗೆ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಓದಿ ನಿನ್ನ ಅತ್ತಿಗೆ ಶಿವರತ್ನ ನಕ್ಕಳು. ನನಗೆ ನಗು ಬರಲಿಲ್ಲ, ಭಯವಾಯಿತು.

ನನ್ನ ಮಾತು ಕೇಳು. ರಾಮೇಶ್ವರದಲ್ಲೇ ಛತ್ರ ಹಿಡಿಯೋಣ. ದೇವಸ್ಥಾನದ ಎದುರಿಗೇ ಸಮುದ್ರ, ಹೆಂಗಸರು ಮಕ್ಕಳೆಲ್ಲ ಸ್ನಾನ ಮಾಡುತ್ತಾರೆ, ನೀರು ಕೆರೆಯ ಹಾಗೆ ನಿಂತಿರುತ್ತದೆ. ಅಲ್ಲಿ ಹವಳವಿಲ್ಲ ನಿಜ. ಹವಳ ನೋಡಲೇಬೇಕೆಂದರೆ ನಮ್ಮ ಆಫೀಸಿನಲ್ಲಿ ತಳಕ್ಕೆ ಗಾಜು ಕೂರಿಸಿದ ಮರದ ಪೆಟ್ಟಿಗೆಯಿದೆ. ದೋಣಿಯಲ್ಲಿ ಕುಳಿತು ಅದನ್ನು ನೀರಿನ ಮೇಲಿಟ್ಟರೆ ಕೆಳಗಿನದೆಲ್ಲ ಕಾಣುತ್ತದೆ. ದಿಲ್ಲಿಯಿಂದ ಬಂದ ದೊಡ್ಡವರೂ ಹಾಗೇ ನೋಡಿ ಹೋದರು. ಸೀರೆಯ ಸೆರಗೂ ನೆನೆಯುವುದಿಲ್ಲ.

ದೋಣಿ ಹತ್ತುವ ಚಿಂತೆ ಬೇಡ. ನಮ್ಮ ದೋಣಿಯಾಳು ಸವರಿಮುತ್ತು ಒಳ್ಳೆಯವನು, ಕಟ್ಟುಮಸ್ತಾದ ಆಳು. ನಿನ್ನನ್ನು ಹೂವಿನ ಹಾಗೆ ಎತ್ತಿ ಒಳಗಿಡುತ್ತಾನೆ.

ಉಪ್ಪುನೀರೆಂದರೆ ಬಾವಿಯ ನೀರಲ್ಲ ಪುಟ್ಟವ್ವ. ಅವ್ವ ಹೇಳುವುದರಲ್ಲಿ ತಪ್ಪೇನೂ ಇಲ್ಲ.

ರುದ್ರಸ್ವಾಮಿ


ಬಂಡಳ್ಳಿ
೧೪-೭-೧೯೬೩

ಅಣ್ಣನಿಗೆ ಶರಣು.

ಹೂವನ್ನು ಎತ್ತಿಡುತ್ತಾರೆ, ಸರಿ. ನಾನು ಹೂವಲ್ಲ, ಮೂರನೇ ಕ್ಲಾಸಿನ ಮಿಸ್ಸು.

ಹತ್ತು ವರ್ಷದವರೆಗೆ ನೀನು ನನ್ನನ್ನು ಬೆನ್ನ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟೆ. ಅದನ್ನು ಮರೆಯುವವಳಲ್ಲ. ಅಲ್ಲಿಂದೀಚೆಗೆ ನಾನೇ ನಡೆದಿದ್ದೇನೆ, ಕೊಯಮತ್ತೂರಿನ ಟ್ರೈನಿಂಗ್ ಸ್ಕೂಲಿನ ಅರವತ್ತೆರಡು ಮೆಟ್ಟಿಲುಗಳನ್ನೂ ಸೇರಿಸಿ. ಇನ್ನು ಎತ್ತುವ ಮಾತು ನನ್ನ ಹತ್ತಿರ ಆಡಬೇಡ.

ನಿನಗೊಂದು ವಿಷಯ ಹೇಳಿರಲಿಲ್ಲ. ಭಾನುವಾರ ಅವ್ವ ಸಂತೆಗೆ ಹೋದಾಗ ನಾನು ದೊಡ್ಡಮಾದಪ್ಪನವರ ತೋಟದ ಮೆಟ್ಟಿಲುಬಾವಿಗೆ ಹೋಗುತ್ತೇನೆ. ಕೂಲಿಗೆ ಬರುವ ಚಿಕ್ಕನಿಂಗಮ್ಮ ಮೇಲೆ ಕುಳಿತು ಕಾಯುತ್ತಾಳೆ, ಯಾರಾದರೂ ಬಂದರೆ ಕೆಮ್ಮುತ್ತಾಳೆ. ಮೊದಲ ದಿನ ಕೊನೆಯ ಮೆಟ್ಟಿಲು ಹಿಡಿದುಕೊಂಡೇ ಇದ್ದೆ. ಮೂರನೇ ವಾರ ಕೈಬಿಟ್ಟೆ. ಇಪ್ಪತ್ತಾರು ವರ್ಷವಾದರೂ ಮೈಗೆ ಈಜು ಮರೆತಿಲ್ಲ ಅಣ್ಣ. ಕಾಲಿಗೆ ಬಲ ಬರಲೆಂದು ಸೋರೆಬುರುಡೆ ಕಟ್ಟಿ ಅಪ್ಪ ನನಗೆ ಕಲಿಸಿದ್ದೆಲ್ಲ ಹಾಗೇ ಇದೆ.

ಪರಂಗಿ ಎಲೆಯ ದಂಟು ಟೊಳ್ಳಲ್ಲವೇ, ಅದನ್ನು ಬಾಯಲ್ಲಿ ಕಚ್ಚಿ ಮುಖ ನೀರಿನಲ್ಲಿಟ್ಟು ಉಸಿರಾಡುವುದನ್ನು ಕಲಿತೆ. ಅದರ ಹಾಲು ತಾಗಿ ತುಟಿ ಉರಿಯಿತು, ಈಗ ಒಂದು ದಿನ ಬಾಡಿಸಿ ಕಚ್ಚುತ್ತೇನೆ. ಕಣ್ಣಿಗೆ ಗಾಜು ಬೇಕಿತ್ತು. ಹನೂರಿನ ಸೈಕಲ್ ಶಾಪಿನ ಮುತ್ತಯ್ಯನಿಗೆ ಲಾರಿ ಟ್ಯೂಬು, ಲಾಟೀನಿನಂಗಡಿಯ ಗಾಜು ಎರಡೂ ಕೊಟ್ಟೆ. "ಅಲ್ಲ ಮಿಸ್ಸಮ್ಮಾರೆ, ಲಾರಿ ಟ್ಯೂಬಲ್ಲಿ ಕನ್ನಡ್ಕ ಮಾಡ್ಸೋರ್ನ ನಾನೆಲ್ಲೂ ಕಂಡಿಲ್ಲ ಕಣ್ರಿ" ಅಂದ. ಮೊದಲನೆಯದು ಸೋರಿತು. ಎರಡನೆಯದರಲ್ಲಿ ಬಾವಿಯ ತಳದ ಕಲ್ಲು ಕಲ್ಲೂ ಕಂಡಿತು.

ಈಗ ಹೇಳು. ಯಾವ ದ್ವೀಪ? ದಡ ಮರಳೋ ಕಲ್ಲೋ? ತಂಗಲು ಏನಿದೆ?

ಪುಟ್ಟಬಸಮ್ಮ


ಮಂಡಪಂ
೨೦-೧೦-೧೯೬೩

ಚಿ. ಪುಟ್ಟವ್ವನಿಗೆ ಆಶೀರ್ವಾದ.

ಕೆಲಸದ ಒತ್ತಡದಲ್ಲಿ ಮೂರು ತಿಂಗಳು ಬರೆಯಲಾಗಲಿಲ್ಲ. ನಿನ್ನ ಇಷ್ಟದಂತೆ ದ್ವೀಪಗಳನ್ನು ನೋಡಿದ್ದೇನೆ.

ಶಿಂಗಲ್ ದ್ವೀಪ ಹತ್ತಿರ, ಆದರೆ ದಡವೆಲ್ಲ ಮುರಿದ ಹವಳದ ಚೂರು, ಬರಿಗಾಲಿಗಾಗದು. ಮನೋಲಿ ದ್ವೀಪ ದೂರ, ತಂಗಲು ಏನೂ ಇಲ್ಲ. ಕುರುಸಡೈ ದ್ವೀಪದಲ್ಲಿ ಇಲಾಖೆಯ ಎರಡು ಕೋಣೆಯ ಶೆಡ್ಡಿದೆ, ಬಾಗಿಲು ತೆರೆದರೆ ಮರಳು, ಮರಳು ಮುಗಿದರೆ ನೀರು. ಅಲ್ಲಿನ ಸೊಬಗನ್ನು ಏನೆಂದು ಬರೆಯಲಿ! ನೀರಿನಡಿಯಲ್ಲಿ ಹವಳದ ಉದ್ಯಾನವೇ ಅರಳಿದೆ. ಕೆಂಪು, ನೇರಳೆ, ಹೊನ್ನಿನ ಬಣ್ಣದ ಕೊಂಬೆಗಳು ತಂಗಾಳಿಗೆ ತೂಗುವ ಬಳ್ಳಿಗಳಂತೆ ಓಲಾಡುತ್ತವೆ. ರತ್ನದಂಥ ಮೀನುಗಳು ಅವುಗಳ ನಡುವೆ ನರ್ತಿಸುತ್ತವೆ.

ಆದರೂ ದೋಣಿಯಿಂದ ನೋಡುವುದೇ ಕ್ಷೇಮ ಎಂದು ನನ್ನ ಅಭಿಪ್ರಾಯ.

ರುದ್ರಸ್ವಾಮಿ


ಬಂಡಳ್ಳಿ
೩-೧೧-೧೯೬೩

ಅಣ್ಣನಿಗೆ ಶರಣು.

ಹವಳ ಓಲಾಡುತ್ತದೆಯೇ? ನೀನು ಕಳಿಸಿದ ಹವಳವನ್ನು ಒಬ್ಬ ಹುಡುಗಿ ಮೊನ್ನೆ ಕೈಜಾರಿ ಬೀಳಿಸಿದಳು. ನಮ್ಮ ಸ್ಕೂಲಿನ ನೆಲದ ಗಾರೆ ಕಿತ್ತುಬಂತು, ಹವಳಕ್ಕೆ ಏನೂ ಆಗಲಿಲ್ಲ.

ಅದು ಪುಸ್ತಕದ ಮಾತು, ನಿನ್ನ ಮಾತಲ್ಲ. ನಿನ್ನ ಮಾತು ನನಗೆ ಗೊತ್ತಿಲ್ಲವೇ. ಹನ್ನೆರಡು ವರ್ಷ ಸಮುದ್ರದ ಪಕ್ಕದಲ್ಲಿ ಇದ್ದುಕೊಂಡು ನೀನು ಒಂದು ಸಲವೂ ನೀರಿಗೆ ಇಳಿದಿಲ್ಲ, ಅಲ್ಲವೇ?

ಬಯ್ಯುತ್ತಿಲ್ಲ. ಶೆಡ್ಡಿನ ಬಾಗಿಲಿಂದ ನೀರಿಗೆ ಎಷ್ಟು ಹೆಜ್ಜೆ, ನೀರಂಚಿನಿಂದ ಮೊದಲ ಹವಳಕ್ಕೆ ಎಷ್ಟು ಮಾರು, ಅಲ್ಲಿ ಎಷ್ಟು ಆಳ, ಇದಿಷ್ಟನ್ನು ಹಗ್ಗ ಹಿಡಿದು ಅಳೆಸಿ ಬರೆ. ಅದು ಬರುವವರೆಗೆ ಕಾಯುತ್ತೇನೆ. ಎಷ್ಟು ದಿನವಾದರೂ ಸರಿ.

ಪುಟ್ಟಬಸಮ್ಮ


ಮಂಡಪಂ
೩೦-೮-೧೯೬೪

ಚಿ. ಪುಟ್ಟವ್ವನಿಗೆ ಆಶೀರ್ವಾದ.

ಹತ್ತು ತಿಂಗಳು ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಕಾಯುತ್ತಿದ್ದೀಯ ಎಂಬುದು ಮಾತ್ರ ಪ್ರತಿದಿನ ನೆನಪಿತ್ತು.

ಮೊನ್ನೆ ಕುರುಸಡೈಗೆ ಹೋಗಿ ಅಳೆದೆವು. ಸವರಿಮುತ್ತು ಹಗ್ಗ ಹಿಡಿದು ನೀರಿಗಿಳಿದ, ನಾನು ಮರಳಿನ ಮೇಲೆ ನಿಂತು ಇನ್ನೊಂದು ತುದಿ ಹಿಡಿದಿದ್ದೆ. ಬಾಗಿಲಿಂದ ನೀರಿಗೆ ನಲವತ್ತು ಹೆಜ್ಜೆ. ತೆಂಕಣ ದಡದಲ್ಲಿ ನೀರಂಚಿನಿಂದ ಮೊದಲ ಹವಳಕ್ಕೆ ಹದಿನೆಂಟು ಮಾರು. ಅಲ್ಲಿ ಸವರಿಮುತ್ತುವಿನ ಎದೆಯಷ್ಟು ನೀರು. ನಡುವೆ ಬರೀ ಮರಳು, ಕಲ್ಲಿಲ್ಲ. ನೀನು ಕೇಳಿದ ಜಾಗ ಇದೇ.

ಹೌದು, ನಾನು ಇಳಿಯಲಿಲ್ಲ. ಯಾಕೆಂದು ಕೇಳಬೇಡ.

ಡಿಸೆಂಬರಿನಲ್ಲಿ ಗಾಳಿ ಬಡಗಣದಿಂದ ಬೀಸುವುದರಿಂದ ತೆಂಕಣ ದಡ ಮರೆಯಲ್ಲಿರುತ್ತದೆ. ಹತ್ತೊಂಬತ್ತಕ್ಕೆ ಕೊಳ್ಳೇಗಾಲದಲ್ಲಿ ಸತ್ಯಮಂಗಲದ ಬಸ್ಸು ಹತ್ತು. ಈರೋಡಿನಲ್ಲಿ ರೈಲು, ಮಧುರೆಯಲ್ಲಿ ಬದಲಾಯಿಸಬೇಕು. ಇಪ್ಪತ್ತೊಂದಕ್ಕೆ ಮಂಡಪಂ ಸ್ಟೇಷನ್ನಿನಲ್ಲಿ ನಾನಿರುತ್ತೇನೆ. ಇಪ್ಪತ್ತೆರಡಕ್ಕೆ ದ್ವೀಪಕ್ಕೆ ಹೋಗಿ ಮೂರು ದಿನ ಇರೋಣ. ಶಿವರತ್ನ ಜೊತೆಗಿರುತ್ತಾಳೆ. ಶೆಡ್ಡು ಬರೆಸಿಟ್ಟಿದ್ದೇನೆ.

ರುದ್ರಸ್ವಾಮಿ


ಬಂಡಳ್ಳಿ
೧೯-೧೨-೧೯೬೪

ಅಣ್ಣನಿಗೆ ಶರಣು.

ಹನೂರಿನಿಂದ ಕೊಡಿಸಿದ ತಂತಿ ನಿನಗೆ ಮುಟ್ಟಿರಬೇಕು. ನಾನು ಬರುತ್ತಿಲ್ಲ.

ಬಾವಿಯ ವಿಷಯ ಚಿಕ್ಕನಿಂಗಮ್ಮನ ಬಾಯಿಂದ ಜಾರಿತು. ಅವ್ವ ಬೆಳಿಗ್ಗೆ ಹೊಸ್ತಿಲಿಗೆ ಅಡ್ಡ ಮಲಗಿದಳು. "ರಾಮೇಸ್ವರನೂ ಬ್ಯಾಡ, ಯಾವ್ ಈಸ್ವರನೂ ಬ್ಯಾಡ. ಓಗಂಗಿದ್ರೆ ನನ್ ದಾಟ್ಕಂಡು ಓಗು" ಅಂದಳು. ಟ್ರಂಕು ಹಿಡಿದು ನಿಂತೇ ಇದ್ದೆ. ಯಾರನ್ನೂ ದಾಟುವ ಕಾಲಲ್ಲ ನನ್ನದು, ಅದು ಅವಳಿಗೆ ಗೊತ್ತು. ಬಸ್ಸಿನ ಹೊತ್ತು ಮೀರಿದ ಮೇಲೆ ಎದ್ದಳು. ಮೂರು ದಿನ ಅವಳ ಕೈಯ ಊಟ ಮಾಡುವುದಿಲ್ಲ ಎಂದಿದ್ದೇನೆ.

ಮುಂದಕ್ಕೆ ಹಾಕಿದ್ದೇನೆ ಅಷ್ಟೆ, ಬಿಟ್ಟಿಲ್ಲ. ಬೇಸಿಗೆ ರಜಕ್ಕೆ ಶೆಡ್ಡು ಬರೆಸು.

ಪುಟ್ಟಬಸಮ್ಮ


ಬಂಡಳ್ಳಿ
೨-೧-೧೯೬೫

ಅಣ್ಣ,

ಇದು ಮೂರನೇ ಕಾಗದ. ಇಪ್ಪತ್ತೆರಡರ ಚಂಡಮಾರುತದ ಸುದ್ದಿ ಪೇಪರಿನಲ್ಲಿ ಓದಿದೆವು. ಧನುಷ್ಕೋಟಿ ಇಲ್ಲವಾಯಿತಂತೆ, ರೈಲು ಸಮೇತ ಜನ ಹೋದರಂತೆ, ಪಾಂಬನ್ ಸೇತುವೆ ಮುರಿಯಿತಂತೆ. ಮಂಡಪಂ ಬಗ್ಗೆ ಏನೂ ಬರೆದಿಲ್ಲ. ತಂತಿ ಹೋಗುವುದಿಲ್ಲ ಅನ್ನುತ್ತಾರೆ.

ಅವ್ವ ಜಗಲಿ ಬಿಟ್ಟು ಏಳುತ್ತಿಲ್ಲ. ಪೋಸ್ಟ್‌ಮ್ಯಾನ್ ಚಿಕ್ಕಸಿದ್ದಯ್ಯನ ಸೈಕಲ್ ಬೆಲ್ ಕೇಳಿದರೆ ಸಾಕು, ಬೀದಿಯವರೆಗೂ ಓಡುತ್ತಾಳೆ. ಎರಡು ಅಕ್ಷರ ಸಾಕು. ನೀನೂ ಅತ್ತಿಗೆಯೂ ಇದ್ದೀರಿ ಎಂದು ಬರೆ.

ಪುಟ್ಟ


ಮಂಡಪಂ
೧೭-೧-೧೯೬೫

ಪುಟ್ಟವ್ವ,

ಇದ್ದೇವೆ. ನಾನೂ ಶಿವರತ್ನಳೂ ಇದ್ದೇವೆ. ಮನೆಯ ಹೆಂಚು ಹಾರಿತು, ಅಷ್ಟೆ. ಬರೆದ ಮೊದಲ ಕಾಗದ ನಿಮಗೆ ಮುಟ್ಟಲಿಲ್ಲವೆಂದು ಇವತ್ತು ತಿಳಿಯಿತು.

ಅವ್ವ ಹೊಸ್ತಿಲಿಗೆ ಅಡ್ಡ ಮಲಗದಿದ್ದರೆ ಇಪ್ಪತ್ತೆರಡಕ್ಕೆ ನಾವು ಮೂವರೂ ಆ ದ್ವೀಪದಲ್ಲಿರುತ್ತಿದ್ದೆವು. ಡಿಸೆಂಬರ್ ಎಂದು ಹೇಳಿದವನು ನಾನೇ.

ಒಂದು ಸಂಗತಿ ಬರೆಯಬೇಕು, ತಾಳ್ಮೆಯಿಂದ ಓದು. ಗಾಳಿ ನಿಂತ ಮಾರನೆಯ ಬೆಳಿಗ್ಗೆ ದಡಕ್ಕೆ ಹೋದೆವು. ಮೂವತ್ತು ಮಾರು ಆಚೆ ಒಬ್ಬ ಮನುಷ್ಯ ಮುರಿದ ಹಲಗೆ ತಬ್ಬಿಕೊಂಡು ತೇಲುತ್ತಿದ್ದ. ಕೂಗಲೂ ಆಗುತ್ತಿರಲಿಲ್ಲ, ಕೈ ಮಾತ್ರ ಎತ್ತುತ್ತಿದ್ದ. ಜನ ನನ್ನ ಕೈಗೆ ಹಗ್ಗ ಕೊಟ್ಟರು, ಸಮುದ್ರದ ಆಫೀಸಿನವನಲ್ಲವೇ ನಾನು. ನೀರು ಮೊಣಕಾಲಿಗೆ ಬಂದ ಕೂಡಲೇ ನನ್ನ ಮೈ ಕಲ್ಲಾಯಿತು. ಸವರಿಮುತ್ತು ಓಡಿ ಬಂದು ಹಗ್ಗದ ತುದಿ ಕಸಿದುಕೊಂಡು ಹಾರಿದ. ಅವನೇ ಆ ಮನುಷ್ಯನನ್ನು ತಂದ. ನಾನು ಇನ್ನೊಂದು ತುದಿ ಹಿಡಿದು ನಿಂತಿದ್ದೆ, ಅಷ್ಟೆ.

ಮಧ್ಯಾಹ್ನ ಮೇಲಿನವರು ಪಟ್ಟಿ ಬರೆದುಕೊಳ್ಳಲು ಬಂದರು. ನನ್ನ ಬಟ್ಟೆ ಒದ್ದೆಯಾಗಿತ್ತು, ಕೈಯಲ್ಲಿ ಹಗ್ಗವಿತ್ತು. ಜೀವ ಉಳಿಸಿದವರಲ್ಲಿ ನನ್ನ ಹೆಸರನ್ನು ಮೊದಲು ಬರೆದರು. ನಾನು ಮಾತಾಡಲಿಲ್ಲ ಪುಟ್ಟವ್ವ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹೋಗಿ ಹೆಸರು ಹೊಡೆದು ಹಾಕಿಸಿ ಸವರಿಮುತ್ತುವಿನ ಹೆಸರು ಬರೆಸಿದೆ.

ಅದಾದ ಮೇಲೆ ಬಾವಿಯ ಮಾತನ್ನು ಇಟ್ಟುಕೊಳ್ಳಲಾಗುತ್ತಿಲ್ಲ. ನನಗಾಗ ಹನ್ನೆರಡು, ನಿನಗೆ ಒಂಬತ್ತು. ಪಾರಿವಾಳದ ಗೂಡಿಗೆ ಕೈ ಹಾಕಲು ಹೋಗಿ ಬಿದ್ದವನು ನಾನು. ಮೆಟ್ಟಿಲ ಮೇಲೆ ಕುಂಡಿಯಲ್ಲೇ ಜಾರಿಕೊಂಡು ಬಂದು, ನೀರಿಗಿಳಿದು, ನನ್ನ ಕೂದಲು ಹಿಡಿದು ಎಳೆದವಳು ನೀನು. ನನ್ನನ್ನು ಮೆಟ್ಟಿಲಿಗೆ ಹತ್ತಿಸಿದೆ, ನಿನಗೆ ಹತ್ತಲಾಗಲಿಲ್ಲ. ನಿನ್ನ ಕೈ ಹಿಡಿದು ಎಳೆಯುತ್ತಿದ್ದಾಗ ಅಪ್ಪ ಬಂದ. ಅವನು ಕಂಡದ್ದು ನೀರಿನಲ್ಲಿರುವ ನೀನು, ಮೇಲಿಂದ ಕೈ ಹಿಡಿದಿರುವ ನಾನು. "ಅಣ್ಣ ಅಂದ್ರೆ ಇವ್ನು ಕಣ್ಲಾ!" ಅಂತ ನನ್ನನ್ನು ಎತ್ತಿಕೊಂಡ. ನಾನು ಹೂಂ ಅಂದೆ. ಮಾರನೆಯ ದಿನ ಬಾವಿಗೆ ಮುಳ್ಳುಬೇಲಿ ಹಾಕಿಸಿದ, ನೀನು ಇಳಿಯಬಾರದೆಂದು.

ನೀನು ಯಾರಿಗೂ ಹೇಳಲಿಲ್ಲ. ನನ್ನ ಮಾನ ಕಾಯ್ದೆ. ಕ್ಷಮಿಸು. ಇದರೊಳಗೆ ಅವ್ವನಿಗೆ ಬೇರೆ ಹಾಳೆಯಲ್ಲಿ ಎಲ್ಲ ಬರೆದಿದ್ದೇನೆ. ಓದಿ ಹೇಳು.

ರುದ್ರಸ್ವಾಮಿ


ಬಂಡಳ್ಳಿ
೮-೨-೧೯೬೫

ಅಣ್ಣನಿಗೆ ಶರಣು.

ನೀವಿಬ್ಬರೂ ಇದ್ದೀರಿ ಎಂದ ಕೂಡಲೇ ಅವ್ವ ಮೂರು ತಿಂಗಳ ಕೂಸಿನ ಹಾಗೆ ಅತ್ತಳು. ಅವಳು ಸುಧಾರಿಸಿಕೊಳ್ಳಲಿ ಎಂದು ಹಾಳೆಯನ್ನು ಎಂಟು ದಿನ ಇಟ್ಟುಕೊಂಡಿದ್ದೆ.

ನಾನು ಓದಲಿಲ್ಲ. ನಾನು ಓದಿದರೆ ನಾನೇ ಕಟ್ಟಿದ ಮಾತಾಗುತ್ತದೆ. ಚಿಕ್ಕಸಿದ್ದಯ್ಯನನ್ನು ಜಗಲಿಯ ಮೇಲೆ ಕೂರಿಸಿ ಕೊಟ್ಟೆ. ಅವ್ವ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅವನು ಅರ್ಧ ಓದಿ ನನ್ನ ಮುಖ ನೋಡಿದ. "ಮಿಸ್ಸಮ್ಮಾರೆ, ಮುಂದಕ್ಕೂ ಓದ್ಬೇಕಾ?" ಅಂದ. ಅವ್ವ, "ಓದಪ್ಪ, ಅದ್ಕೇ ಅಲ್ವಾ ಸಂಬ್ಳ ನಿಂಗೆ" ಅಂದಳು. ಮುಗಿದ ಮೇಲೆ "ಇನ್ನೊಂದ್ ಸಲ ಓದು" ಅಂದಳು. ಎರಡನೇ ಸಲಕ್ಕೆ ಅಕ್ಕಪಕ್ಕದವರೂ ಬಂದು ನಿಂತಿದ್ದರು.

ಆಮೇಲೆ ಒಂದೇ ಮಾತು ಹೇಳಿದಳು: "ಅಂಗಾರೆ, ಈಜ್ ಬರೋ ಕೂಸ್ನ ಇಷ್ಟ್ ವರ್ಸ ಬಾವಿಯಿಂದ ದೂರ ಮಡಗ್ದೆ. ಈಜ್ ಬರ್ದೇ ಇರೋನ್ನ ಸಮುದ್ರಕ್ಕೆ ಕಳ್ಸ್ದೆ."

ಅದಾಗಿ ನಾಲ್ಕು ದಿನಕ್ಕೆ, ಭಾನುವಾರ ನಾನು ಬಾವಿಗೆ ಹೊರಟಾಗ ಹಿಂದೆಯೇ ಬಂದಳು. ಮೇಲಿನ ಮೆಟ್ಟಿಲ ಮೇಲೆ ಕುಳಿತು, "ಎಲ್ಲಿ, ತೋರ್ಸು" ಅಂದಳು. ತೋರಿಸಿದೆ. ಬಾವಿಯ ಗೋಡೆ ಮುಟ್ಟಿ ಮುಟ್ಟಿ ಹತ್ತು ಸುತ್ತು ಬಂದೆ. ಎದ್ದು ಬಂದ ಮೇಲೆ ಅವಳು ಅಂದದ್ದು, "ಜಡೆ ಬಿಗಿಯಾಗ್ ಕಟ್ಕ, ಕಣ್ಗೆ ಬತ್ತದೆ."

ನೀನು ಒಂದು ತಪ್ಪು ತಿಳಿದಿದ್ದೀಯ. ನಾನು ಯಾರಿಗೂ ಹೇಳಲಿಲ್ಲ ಎಂದು ಬರೆದಿದ್ದೀಯ. ಹೇಳಿದ್ದೆ. ಅದೇ ದಿನ, ಅದೇ ಬಾವಿಯ ಮೇಲೆ, ಅಪ್ಪನಿಗೆ ಹೇಳಿದೆ. "ಕುಂಟಿ ಕೂಸು, ಬೆದ್ರಿ ಏನೇನೋ ಅಂತದೆ" ಅಂದ ಅಪ್ಪ. ನೀನು ಅತ್ತ ತಿರುಗಿ ತಲೆ ಒರೆಸಿಕೊಳ್ಳುತ್ತಿದ್ದೆ. ನಿನಗೆ ಕೇಳಿಸಲಿಲ್ಲವೇನೋ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಕೇಳಿಸಿತ್ತೋ ಇಲ್ಲವೋ, ಅದನ್ನೂ ಬರೆಯಬೇಡ.

ಕ್ಷಮಿಸು ಎಂದಿದ್ದೀಯ. ಅದಕ್ಕೆ ಉತ್ತರ ಈಗ ಬರೆಯಲಾರೆ, ಸುಳ್ಳಾಗುತ್ತದೆ. ದ್ವೀಪದ ಸಂಗತಿ ಬರೆ. ಶೆಡ್ಡು ಉಳಿದಿದೆಯೇ?

ಪುಟ್ಟಬಸಮ್ಮ


ಮಂಡಪಂ
೨೧-೧೧-೧೯೬೫

ಚಿ. ಪುಟ್ಟವ್ವನಿಗೆ ಆಶೀರ್ವಾದ.

ಕೇಳಿಸಿತ್ತು. ಬರೆಯಬೇಡ ಎಂದಿದ್ದರೂ ಬರೆಯುತ್ತಿದ್ದೇನೆ.

ಶೆಡ್ಡು ಉಳಿದಿಲ್ಲ. ನಾವು ಅಳೆದ ತೆಂಕಣ ದಡವೂ ಇಲ್ಲ, ಮರಳನ್ನು ಸಮುದ್ರ ಎತ್ತಿಕೊಂಡು ಹೋಗಿ ಅಲ್ಲಿ ಈಗ ಬರೀ ಬಂಡೆ. ಅದೇ ಮರಳು ಪಡುವಣ ಮೂಲೆಗೆ ಬಂದು ಬಿದ್ದಿದೆ. ಅಲ್ಲಿ ಹೊಸದಾಗಿ ತಗಡಿನ ಶೆಡ್ಡು ಹಾಕಿದ್ದಾರೆ. ಬಾಗಿಲಿಂದ ನೀರಿಗೆ ಇಪ್ಪತ್ತೈದು ಹೆಜ್ಜೆ. ಹವಳಕ್ಕೆ ಇಪ್ಪತ್ತೆರಡು ಮಾರು. ಬಹಳಷ್ಟು ಮುರಿದಿದೆ ಎಂದು ಸವರಿಮುತ್ತು ಹೇಳುತ್ತಾನೆ, ನೋಡಲು ಏನುಳಿದಿದೆಯೋ ಕಾಣೆ. ಹಗ್ಗದ ಮೊದಲ ನಾಲ್ಕು ಮಾರು ನಾನೇ ಅಳೆದೆ, ಮೊಣಕಾಲವರೆಗೆ.

ಮುರಿದದ್ದನ್ನು ನೋಡಲು ಬರುತ್ತೀಯಾದರೆ ಏಪ್ರಿಲ್ ಕೊನೆಗೆ ಬಾ, ಸಮುದ್ರ ಸುಮ್ಮನಿರುತ್ತದೆ. ಬೇರೆ ಜಾಗ ಹುಡುಕೆಂದರೆ ಹುಡುಕುತ್ತೇನೆ.

ರುದ್ರಸ್ವಾಮಿ


ಬಂಡಳ್ಳಿ
೧೨-೫-೧೯೬೬

ಅಣ್ಣನಿಗೂ ಅತ್ತಿಗೆಗೂ ಶರಣು.

ಊರು ಸೇರಿದೆವು. ದಿಂಬಂ ಘಾಟಿನಲ್ಲಿ ಅವ್ವನಿಗೆ ವಾಂತಿಯಾಯಿತು, ಬೇರೇನೂ ತೊಂದರೆಯಾಗಲಿಲ್ಲ. ರಾಮೇಶ್ವರದ ತೀರ್ಥವನ್ನು ಬೀದಿಗೆಲ್ಲ ಹಂಚಿದಳು. ತನ್ನ ಮಗಳು ಸಮುದ್ರದಲ್ಲಿ ಮುಖ ಇಟ್ಟು ಬಂದಳು ಎಂಬುದನ್ನೂ ಜೊತೆಗೇ ಹಂಚುತ್ತಿದ್ದಾಳೆ.

"ಒಳಗೆ ಏನು ಕಂಡೆ?" ಎಂದು ನೀನು ದ್ವೀಪದಲ್ಲಿ ಮೂರು ದಿನವೂ ಕೇಳಿದೆ. ಅಲ್ಲಿ ಹೇಳಲಾಗಲಿಲ್ಲ. ಈಗ ಬರೆಯುತ್ತೇನೆ.

ದೋಣಿ ಮರಳಿಗೆ ತಾಗುವ ಮೊದಲೇ ನಾನು ಅಂಚಿನಿಂದ ನೀರಿಗೆ ಜಾರಿದ್ದು ನೀನು ನೋಡಿದೆ. ಎತ್ತಲು ಕೈಚಾಚಿದ್ದ ಸವರಿಮುತ್ತು ಹಾಗೇ ನಿಂತುಬಿಟ್ಟ. ಉಪ್ಪುನೀರು ಬಾವಿಯ ನೀರಲ್ಲ, ನಿಜ. ಬಾವಿಯ ನೀರು ನನ್ನನ್ನು ತಾಳಿಕೊಳ್ಳುತ್ತದೆ, ಇದು ತಾನೇ ಹಿಡಿದುಕೊಂಡಿತು. ಕೆಳಗೆ ನೋಡಿದರೆ ನನ್ನ ಎಡಗಾಲು ಬಲಗಾಲಿನ ಜೊತೆಗೇ ಹಿಂದೆ ತೇಲುತ್ತಿತ್ತು.

ಮೊದಲು ಬರೀ ಮರಳು, ಮೇಲೆ ಬಿಸಿಲಿನ ಬಲೆ. ಆಮೇಲೆ ಮುರಿದ ಹವಳದ ರಾಶಿ, ಬೆಳ್ಳಗೆ, ಸುಗ್ಗಿ ಮುಗಿದ ಕಣದ ಹಾಗೆ. ಇಷ್ಟಕ್ಕೇನಾ ಬಂದದ್ದು ಅನ್ನಿಸಿತು. ಹಿಂದಿರುಗಲು ಮನಸ್ಸಾಗಲಿಲ್ಲ, ಮುಂದಕ್ಕೆ ಹೋದೆ. ರಾಶಿಯ ಆಚೆ ಜೀವವಿತ್ತು ಅಣ್ಣ. ರಾಗಿಮುದ್ದೆಯ ಬಣ್ಣದ್ದು, ಅಷ್ಟೇ ಗುಂಡಗೆ, ಮೈತುಂಬ ಗೀರು. ಸಾಸಿವೆ ಅರೆದ ಬಣ್ಣದ್ದು. ಒಂದು ಜಾತಿ ಕೊಂಬೆಕೊಂಬೆಯಾಗಿ ನಿಂತಿತ್ತು, ಕೊಂಬೆಯೆಲ್ಲ ಕಂದು, ತುದಿ ಮಾತ್ರ ಬದನೆಹೂವಿನ ನೇರಳೆ. ಯಾವುದೂ ಓಲಾಡುತ್ತಿರಲಿಲ್ಲ. ಹಳದಿಗೆ ಕರಿಪಟ್ಟೆಯ ಅಂಗೈಯಷ್ಟು ಮೀನುಗಳು ನನ್ನ ಮುಖಗಾಜಿನ ಹತ್ತಿರ ಬಂದು ನನ್ನನ್ನೇ ನೋಡಿದವು. ಗಿಣಿ ಹಸಿರಿನದೊಂದು ದೊಡ್ಡ ಮೀನು ಹವಳವನ್ನು ಕಟಕಟ ಕಡಿಯುತ್ತಿತ್ತು. ಮತ್ತೆ ಸದ್ದು! ಸಮುದ್ರದೊಳಗೆ ಸದ್ದಿರುತ್ತದೆ ಎಂದು ನೀನು ಯಾವತ್ತೂ ಬರೆಯಲಿಲ್ಲ. ಬಾಣಲೆಯಲ್ಲಿ ಅರಳು ಹುರಿದ ಹಾಗೆ ಎಲ್ಲ ಕಡೆಯಿಂದಲೂ ಚಟಪಟ, ನಿಲ್ಲುವುದೇ ಇಲ್ಲ.

ಎರಡನೆಯ ದಿನ ನೀನು ದಡದಿಂದ ಕೂಗಿದ್ದು ನನಗೆ ಕೇಳಿಸಿತ್ತು. ಸೆಳೆತ ನನ್ನನ್ನು ಪಕ್ಕಕ್ಕೆ ಒಯ್ಯುತ್ತಿದ್ದದ್ದೂ ಗೊತ್ತಿತ್ತು. ಅದರ ಜೊತೆ ಗುದ್ದಾಡಬಾರದೆಂದು ಸವರಿಮುತ್ತು ಹೇಳಿಕೊಟ್ಟಿದ್ದ, ಅಂಗಾತ ಮಲಗಿ ಅದು ಒಯ್ದ ಕಡೆಗೆ ಹೋಗಿ, ದಡದಲ್ಲಿ ಇನ್ನಷ್ಟು ಆಚೆಯ ಮರಳಿಗೆ ಬಂದೆ. ತಿರುಗಿ ನೋಡಿದರೆ ನೀನು ಎದೆಮಟ್ಟದ ನೀರಿನಲ್ಲಿ ನಿಂತು ನನ್ನ ಹೆಸರು ಕೂಗುತ್ತಿದ್ದೆ. ಎಷ್ಟು ದೂರ ಬಂದಿದ್ದೀಯ ಎಂಬುದು ನಿನಗೇ ಗೊತ್ತಿರಲಿಲ್ಲ. ಗೊತ್ತಾದಾಗ ನಿನ್ನ ಮುಖ ನೋಡಬೇಕಿತ್ತು. ಅವ್ವ ಮರಳಿನ ಮೇಲಿಂದ, "ಲೇ ರುದ್ರ, ಅಲ್ಲೇ ನಿಂತ್ಕ, ಅವ್ಳೇ ಬಂದು ಕರ್ಕಂಬತ್ತಾಳೆ" ಎಂದಳಲ್ಲ, ಅದಕ್ಕೆ ಅತ್ತಿಗೆ ಇನ್ನೂ ನಗುತ್ತಿದ್ದಾಳೆಯೇ?

ನಿನ್ನ ಕೈ ಹಿಡಿದು ನಡೆಸಿಕೊಂಡು ಬಂದಾಗ ನನ್ನ ಸಿಟ್ಟೆಲ್ಲ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ಹೋಯಿತು. ಉಳಿದದ್ದಕ್ಕೆ ಹೊತ್ತು ಬೇಕು.

ಸ್ಕೂಲು ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುತ್ತೇನೆಂದು ಹೆಡ್ ಮಾಸ್ಟರಿಗೆ ಬರೆದುಕೊಟ್ಟಿದ್ದೇನೆ. ಬೇಡ ಎಂದರು. ಮತ್ತೆ ಬರೆದಿದ್ದೇನೆ.

ಪುಟ್ಟಬಸಮ್ಮ


ಮಂಡಪಂ
೩-೭-೧೯೬೬

ಚಿ. ಪುಟ್ಟವ್ವನಿಗೆ ಆಶೀರ್ವಾದ.

ಹೆಡ್ ಮಾಸ್ಟರು ಎರಡನೇ ಸಲವೂ ಬೇಡ ಎಂದರೆ ಬರೆ, ನಾನು ರಜ ಹಾಕಿ ಬಂದು ಅವರ ಮುಂದೆ ಕುಳಿತುಕೊಳ್ಳುತ್ತೇನೆ.

ನನ್ನದೂ ಒಂದು ಸುದ್ದಿಯಿದೆ. ಆಫೀಸಿಗೆ ಹೋಗುವ ಮೊದಲು ದಿನಾ ಬೆಳಿಗ್ಗೆ ಸವರಿಮುತ್ತುವಿನ ಜೊತೆ ನೀರಿಗೆ ಇಳಿಯುತ್ತಿದ್ದೇನೆ. ಈಜು ಬಂದಿಲ್ಲ. ದೋಣಿಯ ಅಂಚು ಹಿಡಿದುಕೊಂಡು ನಿಂತು ಮುಖ ಮುಳುಗಿಸುವುದು, ಅವನು ಮೇಲಿಂದ ಎಣಿಸುವುದು. ಮೊದಲ ವಾರ ಎರಡಕ್ಕೇ ತಲೆ ಎತ್ತಿಬಿಡುತ್ತಿದ್ದೆ. ನಿನ್ನ ಮುಖಗಾಜು ಇಲ್ಲೇ ಬಿಟ್ಟು ಹೋಗಿದ್ದೀಯ, ಬೇಕೆಂದೇ ಬಿಟ್ಟೆ ಎನ್ನುತ್ತಾಳೆ ಶಿವರತ್ನ. ಅದನ್ನೇ ಹಾಕಿಕೊಳ್ಳುತ್ತೇನೆ. ಇವತ್ತು ಕೆಳಗೆ ನನ್ನ ಎರಡು ಪಾದ ಕಂಡವು, ಮರಳು ಕಂಡಿತು, ಒಂದು ಏಡಿ ನಡೆದು ಹೋಯಿತು. ಅಷ್ಟೇ ಕಂಡದ್ದು.

ಹನ್ನೊಂದು ಎಣಿಸುವವರೆಗೆ ತಲೆ ನೀರಿನಲ್ಲಿತ್ತು. ಅವ್ವನಿಗೆ ಹೇಳು. ಹನ್ನೆರಡು ಎಂದು ಬರೆದಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ. ಹನ್ನೊಂದೇ.

ರುದ್ರಸ್ವಾಮಿ